ಗೋಡೆಯ ಕೆಲಸ

ಒಂದು ಕೋಣೆಗೆ ಬಣ್ಣ ಬಳಿಸುವುದು ಎರಡು ದಿನದ ಕೆಲಸ ಎಂದು ತಿಳಿದುಕೊಂಡವರಲ್ಲಿ ನಾನೂ ಒಬ್ಬಳು. 2023ರ ಮಾರ್ಚ್ ತಿಂಗಳಲ್ಲಿ ಮೇಸ್ತ್ರಿಯನ್ನು ಕರೆಸಿದಾಗ ನನ್ನ ಲೆಕ್ಕ ಸರಳವಾಗಿತ್ತು. ಜೂನ್ ಹೊತ್ತಿಗೆ ಮಗಳು ಹೆರಿಗೆಗೆ ಬರುತ್ತಾಳೆ, ನಡುಮನೆಯ ಪಕ್ಕದ ಕೋಣೆಯ ಬಣ್ಣ ಹಪ್ಪಳದಂತೆ ಎದ್ದಿದೆ, ಕೆರೆದು ಬಳಿದರೆ ಮುಗಿಯಿತು. ಬಂದ ಮೇಸ್ತ್ರಿ ಬಣ್ಣದ ಕಡೆ ನೋಡಲೇ ಇಲ್ಲ. ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ಕುಟ್ಟಿ, ಡಾಕ್ಟರು ಎದೆ ತಟ್ಟಿ ನೋಡುವ ಹಾಗೆ ಕಿವಿಗೊಟ್ಟ. ಆಮೇಲೆ, "ಅಕ್ಕೋರೆ, ಇದು ಬಣ್ಣದ ಕೆಲ್ಸ ಅಲ್ಲ, ಗೋಡೆ ಕೆಲ್ಸ" ಎಂದ.

ನಮ್ಮದು ಸಾಗರದ ಕಡೆಯ ಹಳ್ಳಿಮನೆ. ಮಾವನವರ ತಂದೆ ಕಟ್ಟಿಸಿದ್ದು. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ಮೊದಲೆಲ್ಲ ಗೋಡೆಗೆ ಸುಣ್ಣ, ಬುಡದಲ್ಲಿ ಒಂದು ಗೇಣು ಕೆಮ್ಮಣ್ಣಿನ ಪಟ್ಟಿ, ಇಷ್ಟೇ ಅಲಂಕಾರ. ನಾನು ಕೆಲಸಕ್ಕೆ ಸೇರಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ, 1998ರಲ್ಲಿ, ಮನೆಯನ್ನು ಸುಧಾರಿಸುವ ಹುಮ್ಮಸ್ಸಿನಲ್ಲಿ ಒಳಗೋಡೆಗಳಿಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿದೆವು. ಆ ಹುಮ್ಮಸ್ಸು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಮಣ್ಣಿನ ಗೋಡೆಯ ಮನೆಯೆಂದರೆ ಆಗ ನನಗೆ ಸ್ವಲ್ಪ ನಾಚಿಕೆಯಿತ್ತು. ಮಣ್ಣಿನ ಗೋಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಬಿಡುತ್ತದಂತೆ. ಮೇಲೆ ಸಿಮೆಂಟು ಬಡಿದರೆ ನೀರು ಒಳಗೇ ನಿಲ್ಲುತ್ತದೆ, ಉಪ್ಪು ಬಿಳಿ ಬೂಷ್ಟಿನ ಹಾಗೆ ಹೊರಡುತ್ತದೆ, ಗಿಲಾವು ಗೋಡೆಯನ್ನು ಬಿಟ್ಟು ಎದ್ದು ನಿಲ್ಲುತ್ತದೆ. "ನೀವು ಗೋಡೆ ಬಾಯಿ ಹೊಲ್ದಿದೀರಿ" ಎಂದ ಮೇಸ್ತ್ರಿ. ಅವನು ಕುಟ್ಟಿದ ಕಡೆಯೆಲ್ಲ ಪೊಳ್ಳು ಸದ್ದು ಬರುತ್ತಿತ್ತು.

ಆ ಕೋಣೆಯ ಬಗ್ಗೆ ಸ್ವಲ್ಪ ಹೇಳಬೇಕು. ಹಿಂದೆ ಅದು ಬಾಣಂತಿ ಕೋಣೆ. ಬಾಣಂತಿಗೂ ಕೂಸಿಗೂ ಗಾಳಿ ತಾಗಬಾರದೆಂದು ಬೇಕೆಂದೇ ಕತ್ತಲಾಗಿ ಕಟ್ಟಿದ್ದು. ಪೂರ್ವದ ಗೋಡೆಯಲ್ಲಿ, ಉತ್ತರದ ಮೂಲೆಗೆ ಹತ್ತಿರ, ಗೇಣಗಲದ ಒಂದು ಕಿಂಡಿ ಬಿಟ್ಟರೆ ಹೊರಗಿನ ಬೆಳಕಿಗೆ ಬೇರೆ ದಾರಿಯಿಲ್ಲ. ನನ್ನ ಎರಡು ಬಾಣಂತನವೂ ತವರಿನಲ್ಲಾದ್ದರಿಂದ ಆ ಕೋಣೆಯಲ್ಲಿ ನಾನು ಒಂದು ಹಗಲನ್ನೂ ಮಲಗಿ ಕಳೆದವಳಲ್ಲ. 2011ರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅಂದಿನಿಂದ 2017ರ ಜನವರಿಯಲ್ಲಿ ತೀರಿಕೊಳ್ಳುವ ತನಕ, ಹೆಚ್ಚು ಕಡಿಮೆ ಆರು ವರ್ಷ, ಅದೇ ಕೋಣೆ ಅವರದಾಯಿತು. ಎದ್ದು ನಡೆಯಲಾಗುತ್ತಿರಲಿಲ್ಲ. ಮಂಚದ ಪಟ್ಟಿ ಹಿಡಿದು ಎದ್ದು ಕೂರುತ್ತಿದ್ದರು, ಕೂತಲ್ಲೇ ಅತ್ತಿತ್ತ ಸರಿಯುತ್ತಿದ್ದರು.

ಸೇವೆಯ ವಿಷಯದಲ್ಲಿ ನನ್ನನ್ನು ಯಾರೂ ದೂರಲಿಲ್ಲ, ಅತ್ತೆಯೂ ದೂರಲಿಲ್ಲ. ಹೊತ್ತಿಗೆ ಗಂಜಿ, ಹೊತ್ತಿಗೆ ಮಾತ್ರೆ, ಶನಿವಾರ ಎಣ್ಣೆ ಹಚ್ಚಿ ಬಿಸಿನೀರು. ಬೆಳಿಗ್ಗೆ ಎಂಟೂಮುಕ್ಕಾಲಿಗೆ ನಾನು ಶಾಲೆಗೆ ಹೊರಟರೆ ಬರುವುದು ಸಂಜೆ ಐದೂವರೆಗೆ. ನಮ್ಮವರು ತೋಟದಲ್ಲಿರುತ್ತಿದ್ದರು. ಮಧ್ಯಾಹ್ನ ಕೆಲಸದಾಕೆ ಬಂದು ಊಟ ಕೊಟ್ಟು ಹೋಗುತ್ತಿದ್ದಳು. ಉಳಿದ ಹೊತ್ತು ಅತ್ತೆ ಮತ್ತು ಆ ನಾಲ್ಕು ಗೋಡೆ.

"ಈ ಗೋಡೆಗೊಂದು ಕಿಟಕಿ ಇದ್ದಿದ್ರೆ ತುಳಸಿಕಟ್ಟೆ ಕಾಣ್ತಿತ್ತು ಮಾರಾಯ್ತಿ" ಎಂದು ಅವರು ಹೇಳಿದ್ದು ನನಗೆ ನೆನಪಿರುವಂತೆ ಮೂರು ಸಲ. ಮೊದಲ ಸಲ ಮಂಚ ಹಿಡಿದ ಹೊಸತರಲ್ಲಿ. ಎರಡನೆಯ ಸಲ ಪಕ್ಕದ ಮನೆಯವರು ಹೊಸ ಕಿಟಕಿ ಇಡಿಸುವ ಸದ್ದು ಕೇಳುತ್ತಿದ್ದಾಗ. ಮೂರನೆಯ ಸಲ, ತೀರಿಕೊಳ್ಳುವ ಹಿಂದಿನ ವರ್ಷದ ಆಷಾಢದಲ್ಲಿ, ಗೋಡೆ ತಂಪು ಹಿಡಿದು ಹಾಸಿಗೆಯ ಅಂಚು ಮಗ್ಗಲು ವಾಸನೆ ಬರುತ್ತಿದ್ದಾಗ. ಮೂರು ಸಲವೂ ನಾನು ಒಂದೇ ಉತ್ತರ ಕೊಟ್ಟೆ: ಮಣ್ಣಿನ ಗೋಡೆ, ಒಡೆದರೆ ಮಾಡೇ ಕೂತುಬಿಡುತ್ತದೆ. ನಮ್ಮವರೂ ಅದನ್ನೇ ಹೇಳಿದರು. ಅದರ ಜೊತೆಗೆ ಆಯಾ ಹೊತ್ತಿನ ಕಾರಣಗಳಿದ್ದವು: ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೌಲ್ಯಮಾಪನ, ಅಡಿಕೆ ಕೊಯ್ಲು, ಮಗಳ ಫೀಸು. ಅತ್ತೆ ಒತ್ತಾಯ ಮಾಡುವ ಪೈಕಿಯಲ್ಲ. "ಹೌದು, ಹಳೇ ಗೋಡೆ" ಎಂದು ಸುಮ್ಮನಾಗುತ್ತಿದ್ದರು.

2018ರ ಜನವರಿಯಲ್ಲಿ ಅವರ ವರ್ಷಾಂತಕ್ಕೆ ನೆಂಟರು ಬರುತ್ತಾರೆಂದು ಆ ಕೋಣೆಗೆ ತಿಳಿನೀಲಿ ಡಿಸ್ಟೆಂಪರ್ ಹೊಡೆಸಿದೆವು. ಅದಕ್ಕೆ ಮಾತ್ರ ಪರೀಕ್ಷೆಯೂ ಅಡ್ಡ ಬರಲಿಲ್ಲ, ಕೊಯ್ಲೂ ಅಡ್ಡ ಬರಲಿಲ್ಲ. ಬಣ್ಣ ಎರಡು ಮಳೆಗಾಲ ನಿಂತಿತು.

ಮೇಸ್ತ್ರಿಯ ಮಾತಿಗೆ ಬರುತ್ತೇನೆ. ಅವನು ಕೋಣೆಯ ನಡುವೆ ನಿಂತು, "ಬಾಣಂತಿಗೆ ಅಂತೀರಿ, ಗಾಳಿ ಎಲ್ಲಿಂದ ಬರ್ಬೇಕು? ಇಲ್ಲೊಂದು ಕಿಟಕಿ ಒಡಿಯಣ" ಎಂದ. ನಾನು ತಡಮಾಡದೆ, ಮಣ್ಣಿನ ಗೋಡೆ ಒಡೆಯಲಿಕ್ಕೆ ಆಗುವುದಿಲ್ಲವಂತಲ್ಲ ಎಂದೆ.

"ಯಾರು ಹೇಳಿದ್ದು?"

ಮಕ್ಕಳಿಗೆ ನಾನು ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಅದು. ಯಾರು ಹೇಳಿದ್ದು, ಯಾವ ಪುಸ್ತಕದಲ್ಲಿದೆ, ತೋರಿಸು. ನನ್ನಲ್ಲಿ ಉತ್ತರವಿರಲಿಲ್ಲ. ಯಾರೂ ಹೇಳಿರಲಿಲ್ಲ. ನಮ್ಮವರು ನನಗೆ ಹೇಳಿದ್ದರು, ನಾನು ಅತ್ತೆಗೆ ಹೇಳಿದ್ದೆ, ಅತ್ತೆ ಒಪ್ಪಿದ್ದರು. ಹೀಗೆ ಮೂರು ಬಾಯಿ ಸುತ್ತಿ ಅದು ನಿಜವಾಗಿಬಿಟ್ಟಿತ್ತು. ಆರು ವರ್ಷದಲ್ಲಿ ಒಬ್ಬ ಮೇಸ್ತ್ರಿಯನ್ನೂ ನಾವು ಕೇಳಿರಲಿಲ್ಲ. ಕೆಲಸ ಎಷ್ಟು ದಿನದ್ದು ಎಂದು ಈಗ ಕೇಳಿದೆ. "ಎರಡಾಳು, ಎರಡು ದಿನ" ಎಂದ. ಹೇಗೆ ಮಾಡುತ್ತಾನೆಂಬುದನ್ನೂ ವಿವರಿಸಿದ. ಮೊದಲು ಮಾಡಿಗೆ ಒಳಗಿನಿಂದ ಊರೆ ಕೊಡಬೇಕು. ಆಮೇಲೆ ಕಿಟಕಿ ಬರುವ ಜಾಗದ ಮೇಲುಗಡೆ, ಗೋಡೆಯ ಅರ್ಧ ದಪ್ಪಕ್ಕೆ ಮಾತ್ರ ಅಡ್ಡ ಕೊರೆದು ಒಂದು ಹಲಸಿನ ತೊಲೆ ಕೂರಿಸಬೇಕು. ಅದು ಭಾರ ಹಿಡಿದ ಮೇಲೆ ಆಚೆ ಬದಿಯಿಂದ ಉಳಿದರ್ಧ ಕೊರೆದು ಇನ್ನೊಂದು ತೊಲೆ. ಎರಡೂ ಕೂತ ಮೇಲೆ ಕೆಳಗಿನ ಮಣ್ಣನ್ನು ಮೆಲ್ಲಗೆ ಇಳಿಸುತ್ತ ಬರುವುದು. ಮೇಲಿನ ಭಾರಕ್ಕೆ ಮೊದಲು ವ್ಯವಸ್ಥೆ, ಕೆಳಗೆ ಖಾಲಿ ಮಾಡುವುದು ಆಮೇಲೆ. ಇಷ್ಟೇ ವಿದ್ಯೆ. ನಮ್ಮ ಅಟ್ಟದ ಮೇಲೆ ಹಳೆಯ ಕೊಟ್ಟಿಗೆಯ ಹಲಸಿನ ತೊಲೆಗಳು ಇಪ್ಪತ್ತು ವರ್ಷದಿಂದ ಬಿದ್ದುಕೊಂಡಿದ್ದವು.

ಸಿಮೆಂಟು ಗಿಲಾವು ಕೆತ್ತುವ ಕೆಲಸ ಏಪ್ರಿಲ್ ಮೊದಲ ವಾರ ಶುರುವಾಯಿತು. ಮೂರನೆಯ ದಿನ ಮೌಲ್ಯಮಾಪನ ಮುಗಿಸಿ ಬಂದ ನನ್ನನ್ನು ಮೇಸ್ತ್ರಿ ಒಳಗೆ ಕರೆದ. ಪೂರ್ವದ ಗೋಡೆಯಲ್ಲಿ ಅವನು ಡಿಸ್ಟೆಂಪರನ್ನಷ್ಟೇ ಕೆರೆದು ಒಂದು ಕಡೆ ಬಿಟ್ಟಿದ್ದ. ಕಿಂಡಿಯ ಪಕ್ಕದಲ್ಲಿ, ಮಂಚದ ಮೇಲೆ ಕೂತವರ ತಲೆಯ ಎತ್ತರಕ್ಕೆ, ಅಂಗೈ ಅಗಲದ ಒಂದು ಕಪ್ಪು ಕಲೆ. "ಎಣ್ಣೆ ಕಲೆ. ಇದರ ಮೇಲೆ ಬಣ್ಣ ಹಿಡಿಯಲ್ಲ ಅಕ್ಕೋರೆ. ಇಲ್ಲಿ ಯಾರೋ ತಲೆ ಒರಗಿಸಿ ಕೂರ್ತಿದ್ರು, ವರ್ಷಗಟ್ಟಲೆ."

ಅತ್ತೆಯ ದಿಂಬು ಇರುತ್ತಿದ್ದುದು ದಕ್ಷಿಣಕ್ಕೆ. ನಾನು ಬೆಳಿಗ್ಗೆ ಹೊರಡುವಾಗಲೂ ಅವರು ದಕ್ಷಿಣಕ್ಕೆ ತಲೆಯಿಟ್ಟು ಮಲಗಿರುತ್ತಿದ್ದರು, ಸಂಜೆ ಬಂದಾಗಲೂ ಅಲ್ಲೇ. ಕಲೆ ಇದ್ದದ್ದು ಉತ್ತರದ ಕೊನೆಯಲ್ಲಿ, ಅವರ ಕಾಲ ಬುಡದಲ್ಲಿ. ಅಂದರೆ ನಾವಿಲ್ಲದ ಹೊತ್ತಿನಲ್ಲಿ ಅವರು ಆ ಮುರಿದ ಸೊಂಟ ಎಳೆದುಕೊಂಡು ಮಂಚದ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದು, ಕಿಂಡಿಯ ಪಕ್ಕ ತಲೆ ಆನಿಸಿ ಕೂರುತ್ತಿದ್ದರು. ನಾವು ಬರುವ ಹೊತ್ತಿಗೆ ವಾಪಸು ಸರಿಯುತ್ತಿದ್ದರು. ಹಾಗೇಕೆ ಎಂಬುದು ನನಗೆ ಇವತ್ತಿಗೂ ಹೊಳೆದಿಲ್ಲ. ಕಿಟಕಿ ಬೇಡವೆಂದವರ ಎದುರಿಗೆ ಕಿಂಡಿಯಲ್ಲಿ ಇಣುಕುವುದು ಅವರಿಗೆ ಅವಮಾನವೆನಿಸಿರಬಹುದು. ಅಥವಾ ಏನೂ ಇಲ್ಲದೆ, ಬೆನ್ನು ನೋಯುತ್ತಿತ್ತೆಂದು ಮಲಗುತ್ತಿದ್ದಿರಬಹುದು.

ಮೇಸ್ತ್ರಿ ಚಹಾಕ್ಕೆ ಹೋದ ಮೇಲೆ ನಾನು ಒಂದು ಬುಟ್ಟಿ ಬೋರಲು ಹಾಕಿಕೊಂಡು ಅಲ್ಲಿ ಕೂತು ನೋಡಿದೆ. ದಪ್ಪ ಗೋಡೆಯ ಕಿಂಡಿ, ಕಾಣುವುದು ಒಂದು ಸೀಳು ಮಾತ್ರ. ತುಳಸಿಕಟ್ಟೆ ಕಾಣುವುದಿಲ್ಲ. ಕಾಣುವುದು ಉಣಗೋಲಿನ ಒಂದು ಕಂಬ, ಆಚೆ ರಸ್ತೆಯ ಒಂದು ಮಾರು. ಸಂಜೆ ನಾನು ಬಸ್ಸಿಳಿದು ಬರುವುದನ್ನು ಕಾಯುತ್ತಿದ್ದರು ಎಂದು ಬರೆದರೆ ಓದಲು ಚೆಂದವಾಗುತ್ತದೆ. ನನಗೆ ಗೊತ್ತಿಲ್ಲ. ದನ ಬರುವುದನ್ನು ನೋಡುತ್ತಿದ್ದಿರಲೂಬಹುದು. ಅವರಿಗೆ ದನಗಳೆಂದರೆ ಪ್ರಾಣ.

ಆ ರಾತ್ರಿಯಿಂದ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಕೇಳಿದವರಿಗೆ ಕೇಳಿದ ಹೊತ್ತಿನಲ್ಲಿ ಕೊಡದೆ, ಅವರು ಹೋದ ಮೇಲೆ ಅದೇ ಜಾಗದಲ್ಲಿ ಅದನ್ನೇ ಮಾಡಿದರೆ, ಅದು ಏನು? ಒಳ್ಳೆಯ ಕೆಲಸವೋ, ತಪ್ಪಿನ ತಿದ್ದುಪಡಿಯೋ, ಬರೀ ಗೋಡೆಗೊಂದು ತೂತೋ?

ನಮ್ಮವರು ಇದನ್ನು ಪ್ರಶ್ನೆಯೆಂದೇ ಒಪ್ಪಲಿಲ್ಲ. "ಆಗ ಆಗ್ಲಿಲ್ಲ, ಈಗ ಆಯ್ತು. ಅಮ್ಮನ ನೆನಪಿಗೆ ಅಂತ ಅಂದ್ಕೋ" ಎಂದರು. ನನ್ನ ಜೊತೆ ಹಿಂದೆ ಕೆಲಸ ಮಾಡಿದ್ದ, ಈಗ ನಿವೃತ್ತರಾದ ಸಂಸ್ಕೃತ ಮೇಷ್ಟ್ರೊಬ್ಬರ ಹತ್ತಿರ ಮಾತಿಗೆ ಮಾತು ಬಂದಾಗ ಹೇಳಿದೆ. ಅವರು ಸಮಾಧಾನದ ದನಿಯಲ್ಲಿ ಮೂರು ಋಣಗಳ ವಿಚಾರ ತೆಗೆದರು. ದೇವಋಣ ತೀರುವುದು ಯಜ್ಞದಿಂದ, ಋಷಿಋಣ ಅಧ್ಯಯನದಿಂದ, ಪಿತೃಋಣ ಮಾತ್ರ ಸಂತಾನದಿಂದ. ಹಿರಿಯರ ಸಾಲವನ್ನು ಹಿರಿಯರಿಗೇ ತೀರಿಸಲು ಆಗುವುದೇ ಇಲ್ಲಮ್ಮ, ಕಿರಿಯರಿಗೆ ಕೊಟ್ಟೇ ತೀರಿಸಬೇಕು, ನೀವು ಮಗಳಿಗೆ ಕಿಟಕಿ ಇಡಿಸಿದ್ದೀರಲ್ಲ, ಸಂದಿತು ಎಂದರು.

ಕೇಳಲು ಹಿತವಾಗಿತ್ತು. ಆದರೆ ಮೂವತ್ತು ವರ್ಷ ಶಾಲೆಯ ರಿಜಿಸ್ಟರು ಬರೆದವಳು ನಾನು. ಒಂದು ಬಾಬ್ತಿನ ಹಣವನ್ನು ಇನ್ನೊಂದು ಬಾಬ್ತಿಗೆ ಖರ್ಚು ಹಾಕಿದರೆ, ಹಣ ಪೈಸೆ ಬಿಡದೆ ಮಕ್ಕಳಿಗೇ ಹೋಗಿದ್ದರೂ, ಆಡಿಟ್‌ನವರು ಆಕ್ಷೇಪಣೆ ಬರೆದೇ ಬರೆಯುತ್ತಾರೆ. ಋಣದ ಆ ಮಾತನ್ನು ನಾನು ಹಗುರ ಮಾಡುತ್ತಿಲ್ಲ. ಹೆತ್ತದ್ದು, ಸಾಕಿದ್ದು ಇವುಗಳ ಋಣ ಹಾಗೆಯೇ ತೀರಬೇಕು, ಬೇರೆ ದಾರಿಯಿಲ್ಲ. ಆದರೆ ಬಾಯಿ ಬಿಟ್ಟು ಕೇಳಿದ ಒಂದು ಕಿಟಕಿ ಆ ಜಾತಿಯ ಸಾಲವಲ್ಲ. ಅದಕ್ಕೆ ಕೇಳಿದವರ ಹೆಸರಿತ್ತು, ಕೇಳಿದ ದಿನವಿತ್ತು. ಮಗಳು ಕೇಳಿಯೇ ಇರಲಿಲ್ಲ. ಅವಳು ಕೇಳುವ ಮೊದಲೇ ಕೊಡಲು ನಮಗೆ ಎರಡು ದಿನ ಸಿಕ್ಕಿತು. ಅವಳಿಗೆ ಕೊಟ್ಟದ್ದು ಅತ್ತೆಗೆ ಸಂದಿತೆನ್ನುವುದಕ್ಕಿಂತ, ಅತ್ತೆಗೆ ಯಾಕೆ ಕೊಡಲಿಲ್ಲವೆಂಬುದನ್ನು ಅದು ಇನ್ನಷ್ಟು ಸ್ಪಷ್ಟ ಮಾಡಿತು.

ಪರೀಕ್ಷೆ ಮುಗಿದು ಉತ್ತರಪತ್ರಿಕೆ ಕಟ್ಟುವಾಗ ಕೆಲವು ಮಕ್ಕಳು ಓಡಿ ಬರುತ್ತಾರೆ: "ಮಿಸ್, ಈಗ ನೆನಪಾಯ್ತು." ಉತ್ತರ ಸರಿಯಾಗಿಯೇ ಇರುತ್ತದೆ. ಅಂಕ ಕೊಡಲಾಗುವುದಿಲ್ಲ. ಹಾಗೆಂದು ಉತ್ತರ ತಪ್ಪು ಎಂದೂ ಹೇಳಲಾಗುವುದಿಲ್ಲ. ಕಿಟಕಿ ಇಡಿಸಬಾರದಿತ್ತು ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಅದಕ್ಕೆ ಅಂಕ ಕೇಳಬಾರದು ಎಂದಷ್ಟೇ ಅನ್ನಿಸಿತು.

ಅಳಿಸುವುದೇ ತಪ್ಪೆಂದು ನನ್ನ ವಾದವಲ್ಲ. ನಮ್ಮ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಮದುವೆಗೆಂದು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಎಳೆಗಳು. ಮತ್ತೆ ಗೋಡೆ ಸಾರಿಸುವ ಕಾಲ ಬಂದಾಗ ಅದು ಹೋಗುತ್ತದೆ, ಇನ್ನೊಂದು ಮದುವೆಗೆ ಇನ್ನೊಂದು ಬರುತ್ತದೆ. ಅಳಿಯುವುದೆಂದು ಗೊತ್ತಿದ್ದೇ ಬರೆದದ್ದು ಅಳಿದರೆ ಅದರಲ್ಲಿ ಅನ್ಯಾಯವೇನಿಲ್ಲ.

ನನಗೆ ಹೆಚ್ಚು ನೆನಪಾದದ್ದು ಶ್ರೀರಂಗಪಟ್ಟಣದ ದರಿಯಾ ದೌಲತ್. ಶಾಲೆಯ ಪ್ರವಾಸಗಳಲ್ಲಿ ಮಕ್ಕಳನ್ನು ಕರೆದುಕೊಂಡು ಮೂರು ಸಲ ಹೋಗಿದ್ದೇನೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆಯ ಅರಮನೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ: ಸೋತ ಬೈಲಿ, ಆನೆಯ ಮೇಲೆ ಹೈದರ್, ಸಾಲುಸಾಲು ಸೈನಿಕರು. ಮಕ್ಕಳು ಕುದುರೆ ಎಣಿಸುತ್ತ ನಿಲ್ಲುತ್ತಾರೆ. ನಾವು ನೋಡುವ ಈ ಚಿತ್ರ ಮೊದಲಿನದೇ ಅಲ್ಲ. ರೈಸ್ ಅವರ ಮೈಸೂರು ಗೆಜೆಟಿಯರಿನ ಪ್ರಕಾರ 1799ರ ಮುತ್ತಿಗೆಗೆ ಮೊದಲೇ ಅದು ಕೆಟ್ಟುಹೋಗಿತ್ತು. ಅಲ್ಲಿ ವಾಸವಿದ್ದ ವೆಲ್ಲೆಸ್ಲಿ ಸರಿಪಡಿಸಿದ. ಆಮೇಲೆ ಯಾರೋ ಅದರ ಮೇಲೆ ಸುಣ್ಣ ಹೊಡೆಸಿದರು. ಬಹುಮಟ್ಟಿಗೆ ಅಳಿದುಹೋದ ಮೇಲೆ, ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ ಮತ್ತೆ ಬರೆಸಲು ಹೇಳಿದ. ಬರೆದದ್ದು ಮೊದಲಿನ ಚಿತ್ರ ನೆನಪಿದ್ದ ಒಬ್ಬ ದೇಶೀಯ ಕಲಾವಿದ. ಹಿಂದೆ ಇದನ್ನು ಮಕ್ಕಳಿಗೆ ಹೇಳುವಾಗ ಸುಣ್ಣ ಹೊಡೆಸಿದವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಈಗ ನನ್ನ ಮನಸ್ಸು ಆ ಹೆಸರಿಲ್ಲದ ಚಿತ್ರಗಾರನ ಕಡೆಗೆ ಹೋಗುತ್ತದೆ. ಸುಣ್ಣದ ಗೋಡೆಯ ಮುಂದೆ ನಿಂತು ಅವನು ಬರೆಯಲು ಸಾಧ್ಯವಾದದ್ದು ಗೋಡೆ ಸರಿಯಿದ್ದಾಗ ಅವನು ನೋಡಿದ್ದರಿಂದ. ಹೋದದ್ದನ್ನು ತಿರುಗಿ ತರುವವನ ಬಳಿ ಬಣ್ಣಕ್ಕಿಂತ ಮೊದಲು ಆ ನೋಟ ಇರಬೇಕು.

ನನ್ನ ಬಳಿ ಇಲ್ಲದ್ದು ಅದೇ. ಅತ್ತೆಯ ರಕ್ತದೊತ್ತಡ ಎಷ್ಟಿತ್ತು, ಯಾವ ಮಾತ್ರೆ ಯಾವ ಹೊತ್ತಿಗೆ, ಇವತ್ತೂ ಹೇಳಬಲ್ಲೆ. ಹಗಲಿಡೀ ಅವರು ಏನು ನೋಡುತ್ತಿದ್ದರು ಎಂಬುದು ಎಣ್ಣೆಯ ಕಲೆಗೆ ಗೊತ್ತಿದ್ದಷ್ಟೂ ನನಗೆ ಗೊತ್ತಿಲ್ಲ. ಕಿಟಕಿ ಇಡಿಸದಿದ್ದುದು ದೊಡ್ಡ ತಪ್ಪೆಂದು ನಾನು ಮೊದಲು ತಿಳಿದಿದ್ದೆ. ಬಡತನದಿಂದಲೋ ಭಯದಿಂದಲೋ ಎಷ್ಟೋ ಮನೆಗಳಲ್ಲಿ ಎಷ್ಟೋ ಕಿಟಕಿಗಳು ಆಗುವುದಿಲ್ಲ. "ಆಗುವುದಿಲ್ಲ" ಎಂದದ್ದು ವಿಚಾರಿಸಿ ಹೇಳಿದ ಮಾತಾಗಿದ್ದರೆ, ಉತ್ತರ ತಪ್ಪಾಗಿದ್ದರೂ, ನನಗೆ ಇಷ್ಟು ಭಾರವಿರುತ್ತಿರಲಿಲ್ಲ. ವಿಚಾರಿಸದೆ ಹೇಳಿದೆವು, ಅವರು ನಂಬಿದರು.

ಕಿಟಕಿ ಎಲ್ಲಿಡುವುದು ಎಂಬುದಕ್ಕೆ ಮೇಸ್ತ್ರಿಗೂ ನನಗೂ ಸ್ವಲ್ಪ ಜಟಾಪಟಿಯಾಯಿತು. ಗೋಡೆಯ ನಡುಮಧ್ಯ ಇಟ್ಟರೆ ಚೆಂದ, ನೆಲದಿಂದ ಮೂರಡಿ ಬಿಟ್ಟು ಇಡುವುದು ಪದ್ಧತಿ ಎಂಬುದು ಅವನ ವಾದ. ನಡುವೆ ಇಟ್ಟರೆ ಕಲೆಯಿರುವ ಭಾಗ ಉಳಿಯುತ್ತದೆ, ಅದನ್ನು ಕೆತ್ತಿ ಹೊಸ ಗಿಲಾವು ಮಾಡಿ ಮುಚ್ಚಬೇಕು. ಕಿಂಡಿಯಿರುವಲ್ಲೇ ಒಡೆದರೆ ಕಲೆ ಪೂರ್ತಿ ಹೋಗುತ್ತದೆ. ಎರಡರಲ್ಲೂ ಅದು ಉಳಿಯುವ ಮಾತಿಲ್ಲ. ನಾನು ಕಿಂಡಿಯ ಜಾಗಕ್ಕೇ ಹಟ ಹಿಡಿದೆ. ಎತ್ತರ ಎರಡೇ ಅಡಿ, ಮಂಚದಲ್ಲಿ ಮಲಗಿದವರಿಗೆ ಅಂಗಳ ಕಾಣಬೇಕು ಎಂದೆ. "ಮಳೆ ಎರಚಲು ಹೊಡೀತದೆ" ಎಂದು ಅವನು ಎಚ್ಚರಿಸಿದ. ಹೊಡೆಯಲಿ ಎಂದೆ. ಇದರಲ್ಲಿ ವಿವೇಕ ಎಷ್ಟಿತ್ತು, ಯಾರಿಗೋ ತೋರಿಸುವ ಹಟ ಎಷ್ಟಿತ್ತು, ಹೇಳಲಾರೆ.

ಇಳಿಸಿದ ಮಣ್ಣನ್ನು ಮೇಸ್ತ್ರಿ ಚೆಲ್ಲಲಿಲ್ಲ. ನೀರು ಹಾಕಿ ತುಳಿಸಿ, ಸುಣ್ಣ ಬೆರೆಸಿ, ಅದನ್ನೇ ಒಳಗೋಡೆಗೆ ಮೆತ್ತಿದ. ಮೇಲಿನ ಬಳಿತಕ್ಕೆ ಕರಾವಳಿ ಕಡೆಯಿಂದ ಚಿಪ್ಪಿನ ಸುಣ್ಣ ತರಿಸಿ ಹಂಡೆಯಲ್ಲಿ ನೆನೆಹಾಕಿದ್ದ. ನೀರು ಬಿದ್ದೊಡನೆ ಅದು ಕೊತಕೊತ ಕುದಿದು ಕೊಟ್ಟಿಗೆಯೆಲ್ಲ ಹೊಗೆಯಾಯಿತು. ಎರಡು ವಾರ ನೆನೆಯಲು ಬಿಟ್ಟ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಹೇಳಿದರು: ಗೋಡೆಗೆ ಬಳಿದ ಮೇಲೂ ಸುಣ್ಣ ಸುಮ್ಮನಿರುವುದಿಲ್ಲ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲಗೆ ಹೀರಿಕೊಂಡು ತಿಂಗಳುಗಟ್ಟಲೆ ಗಟ್ಟಿಯಾಗುತ್ತ, ಸುಡುವ ಮೊದಲು ಏನಾಗಿತ್ತೋ ಅದೇ ಆಗುತ್ತದಂತೆ. ಗೋಡೆಗೆ ಸಿಕ್ಕುವ ಈ ಅನುಕೂಲ ಮನುಷ್ಯರಿಗಿಲ್ಲವಲ್ಲ ಎಂದು ನಾನು ನಕ್ಕೆ. ಅವರಿಗೆ ಅರ್ಥವಾಗಲಿಲ್ಲ.

ಮೇ ಕೊನೆಗೆ ಮಗಳು ಬಂದಳು. ಬಿಳಿ ಕೋಣೆ, ಕೆಂಪು ನೆಲ, ಬೆಳಗಿನ ಬಿಸಿಲು ಮಂಚದ ಅರ್ಧದ ತನಕ. ಅವಳನ್ನು ನೋಡಲು ಬಂದ ನೆಂಟರೆಲ್ಲ ಹೊಗಳಿದರು. "ಅಮ್ಮನ ನೆನಪಿಗೆ ಮಾಡಿಸಿದ್ದು" ಎಂದು ನಮ್ಮವರು ಒಂದೆರಡು ಸಲ ಹೇಳಿದ್ದು ಒಳಗೆ ಕೇಳಿಸಿತು. ಅವರದು ಸುಳ್ಳೆಂದು ನಾನು ಹೇಳುವುದಿಲ್ಲ. ತಾಯಿಯನ್ನು ಅವರು ನೆನೆದದ್ದು ನಿಜ.

ಒಂದು ಮಧ್ಯಾಹ್ನ ಮಗಳು ಮಲಗಿದಲ್ಲಿಂದಲೇ, "ಅಮ್ಮಾ, ತುಳಸಿಕಟ್ಟೆ ಎಷ್ಟು ಚೆನ್ನಾಗಿ ಕಾಣತ್ತೆ. ಅಜ್ಜಿ ಇದ್ದಾಗ್ಲೇ ಯಾಕೆ ಇದನ್ನ ಮಾಡಿಸ್ಲಿಲ್ಲ?" ಎಂದಳು.

ಬಾಗಿಲಲ್ಲಿ ನಿಂತಿದ್ದ ನಮ್ಮವರು, "ಆಗ ಹಳೇ ಗೋಡೆ, ಭಯ ಇತ್ತು" ಎಂದರು.

ತುಂಬು ಬಸುರಿ. ಅಜ್ಜಿಯೆಂದರೆ ಅವಳಿಗೆ ಪ್ರಾಣ. ಹೌದು ಎಂದುಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ. ಕ್ಷಣಹೊತ್ತು ಹಾಗೇ ಬಿಡೋಣವೆನ್ನಿಸಿತು. ಆಮೇಲೆ ಹೇಳಿದೆ: "ಅಜ್ಜಿ ಕೇಳಿದ್ರು. ಮೂರು ಸಲ ಕೇಳಿದ್ರು. ಆಗಲ್ಲ ಅಂದ್ವಿ. ಆಗತ್ತೋ ಇಲ್ವೋ ಅಂತ ಯಾರನ್ನೂ ವಿಚಾರಿಸ್ಲಿಲ್ಲ."

ನಮ್ಮವರು ತೋಟದ ಕಡೆ ಹೊರಟುಹೋದರು. ಮಗಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಬಂದಿಲ್ಲ.

ಜೂನ್ ಮೂರನೆಯ ವಾರ ಮಳೆ ಹಿಡಿಯಿತು. ಮೇಸ್ತ್ರಿ ಹೇಳಿದಂತೆಯೇ ಎರಚಲು ಒಳಗೆ ಹೊಡೆದು ಹಾಸಿಗೆಯ ಅಂಚು ಒದ್ದೆಯಾಯಿತು. ಕೂಸು ಹುಟ್ಟಿ ಮನೆಗೆ ಬಂದ ಮೇಲೆ ಮಗಳು ಮಂಚವನ್ನು ಪಡುವಣ ಗೋಡೆಗೆ ಸರಿಸಿಕೊಂಡಳು. ಅಲ್ಲಿಂದ ಅಂಗಳ ಕಾಣುವುದಿಲ್ಲ, ಒಂದಿಷ್ಟು ಮೋಡ ಮತ್ತು ಮಾವಿನ ಮರದ ತುದಿ ಕಾಣುತ್ತದೆ. ನಾನು ಶಾಲೆಗೆ ಹೊರಡುವ ಮೊದಲು ಒಂದು ಗೋಣಿಚೀಲ ಮಡಿಸಿ ಕಿಟಕಿಯ ಬುಡಕ್ಕೆ ಹಾಕುತ್ತೇನೆ, ಸಂಜೆ ಬಂದು ಹಿಂಡಿ ಒಣಹಾಕುತ್ತೇನೆ. ಉಣಗೋಲು ದಾಟುವಾಗ ಒಮ್ಮೆ ಆ ಕಡೆ ಕಣ್ಣು ಹೋಗುತ್ತದೆ.